ಅಂಕೋಲಾದಲ್ಲಿ ಕೂತು ವಿಪತ್ತು ನಿರ್ವಹಣೆ ಸರ್ಟಿಫಿಕೇಟ್ ಮಾಡ್ದೆ: ಫೀ, ಅಡ್ಮಿಷನ್, ಓಡಾಟ ಎಲ್ಲಾ ಸೇರಿ ನನ್ನ ಅನುಭವ

ಮಹಿಳಾ ಸಂಘಗಳ ಒಕ್ಕೂಟದ ಮೀಟಿಂಗಿಗೆ ಹೋದಲ್ಲೆಲ್ಲ ಯಾರಾದ್ರೂ ಒಬ್ರು ಕೇಳೇ ಕೇಳ್ತಾರೆ, ಅಕ್ಕಾ ನೀವು ಅದೇನೋ ನೆರೆ, ಗುಡ್ಡ ಕುಸಿತದ ಬಗ್ಗೆ ಯುನಿವರ್ಸಿಟಿ ಕೋರ್ಸ್ ಮಾಡಿದ್ರಂತೆ, ಎಷ್ಟು ದುಡ್ಡಾಯ್ತು, ನಮಗೂ ಸೀಟ್ ಸಿಗುತ್ತಾ ಅಂತ. ನಿಂತಲ್ಲೇ ಅರ್ಧ ಹೇಳೋದು, ಬಸ್ ಬಂತು ಅಂತ ಓಡೋದು, ಹಿಂಗೇ ಆಗ್ತಿದೆ. ಅದಕ್ಕೆ ಇಲ್ಲಿ ಪೂರ್ತಿ ಬರೀತಿದೀನಿ, ಉದ್ದ ಆಗುತ್ತೆ, ಆದ್ರೆ ಫೀ ಕಟ್ಟೋಕೆ ಮುಂಚೆ ಓದಿದ್ರೆ ನಾನು ಸುಮ್ನೆ ಕಳ್ಕೊಂಡ ಎರಡು ತಿಂಗಳು ನಿಮಗೆ ಉಳಿಯುತ್ತೆ.

ಯುನಿವರ್ಸಿಟಿ ಹೆಸರು ಹಾಕ್ತಿಲ್ಲ. ನಂದು ಕೆಲವು ದೂರು ಇದೆ, ಅದು ಒಂದು ಸೆಂಟರಿನ ತಪ್ಪಿರಬಹುದು, ಇಡೀ ಸಂಸ್ಥೆ ಮೇಲೆ ಹಾಕೋದು ಸರಿ ಅಲ್ಲ. ದೂರಶಿಕ್ಷಣದಲ್ಲಿ ಓದಿಸೋ ಒಂದು ಸರ್ಕಾರಿ ಯುನಿವರ್ಸಿಟಿ ಅಂತ ತಿಳ್ಕೊಳ್ಳಿ. ಆರು ತಿಂಗಳ ಸರ್ಟಿಫಿಕೇಟ್ ಕೋರ್ಸು, ಮೂರು ಪೇಪರು, ಪ್ರತಿ ಪೇಪರಿಗೂ ಮನೇಲಿ ಬರೆದು ಕೊಡೋ ಅಸೈನ್‌ಮೆಂಟು, ಕೊನೇಲಿ ಪರೀಕ್ಷೆ.

ನಾನು ಗಂಗಾವಳಿ ನದಿ ದಂಡೆಯವಳು, ಪಂಚಾಯ್ತಿ ಮಟ್ಟದ ಒಕ್ಕೂಟದಲ್ಲಿ ಎಂಬಿಕೆ, ಅಂದ್ರೆ ಸಂಘಗಳ ಪುಸ್ತಕ ಬರೆಯೋಳು. 2019ರ ಆಗಸ್ಟಲ್ಲಿ ನೆರೆ ಬಂತು, 2021ರ ಜುಲೈಲಿ ಮತ್ತೆ ಬಂತು, ಆ ವರ್ಷ ಮೇಲೆ ಗುಳ್ಳಾಪುರದ ಸೇತುವೆನೇ ಕೊಚ್ಚಿಹೋಯ್ತು. ಅಷ್ಟಾದ್ರೂ ನಾವು ಮಳೆಗಾಲ ಮುಗಿದ ಮೇಲೆ ಗೋಡೆ ತೊಳ್ದು ಸುಣ್ಣ ಹೊಡೆದು ಮರೆತಿದ್ವಿ. 2024ರ ಜುಲೈ 16ಕ್ಕೆ ಶಿರೂರಲ್ಲಿ ಗುಡ್ಡ ಜಾರಿ ಹೈವೇ ದಾಟಿ ನದಿಗೆ ಬಿತ್ತಲ್ಲ, ಆ ಮಣ್ಣು ಬಿದ್ದ ಹೊಡೆತಕ್ಕೆ ನೀರು ಎದ್ದು ಆಚೆ ದಡದ ಉಳುವರೆಯಲ್ಲಿ ಮನೆಗಳು ಹೋದ್ವು. ಗುಡ್ಡ ಬಿದ್ದಿದ್ದು ಒಂದು ದಡದಲ್ಲಿ, ಮನೆ ಹೋಗಿದ್ದು ಇನ್ನೊಂದು ದಡದಲ್ಲಿ. ಗ್ಯಾಸ್ ಟ್ಯಾಂಕರ್ ಒಂದು ನದೀಲಿ ತೇಲ್ತಾ ಇತ್ತು, ಒಲೆ ಹಚ್ಚಬೇಡಿ ಅಂತ ಸುದ್ದಿ ಬಂತು, ಎಷ್ಟು ದೂರದವರು ಹಚ್ಚಬಾರದು, ಎಷ್ಟು ಹೊತ್ತು ಅಂತ ನಮ್ಮ ಕೇರಿಲಿ ಒಬ್ರಿಗೂ ಗೊತ್ತಿರಲಿಲ್ಲ. ಮೂರು ವಾರ ಕಳೆದು ಆಗಸ್ಟ್ 6ರ ರಾತ್ರಿ ಹನ್ನೆರಡು ದಾಟಿ 7ನೇ ತಾರೀಕು ಆದ ಮೇಲೆ ಕಾರವಾರದ ಹತ್ರ ಕಾಳಿ ನದಿಯ ಹಳೇ ಸೇತುವೆ ಕುಸೀತು. ಯಾರನ್ನ ಕೇಳೋದು, ಯಾರಿಗೆ ಹೇಳೋದು ಅಂತ ತಿಳಿಯದೇ ಕೂತಿದ್ದು ನನಗೆ ತುಂಬ ಬೇಜಾರಾಗಿತ್ತು, ಆವಾಗ್ಲೇ ಇದನ್ನ ಕ್ರಮವಾಗಿ ಕಲೀಬೇಕು ಅಂತ ತೀರ್ಮಾನ ಮಾಡಿದ್ದು.

ಮೊದಲು ಫೋನ್ ಮಾಡಿದ್ದು ಒಂದು ಪ್ರೈವೇಟ್ ಸಂಸ್ಥೆಗೆ. ಅವರು ಹದಿನಾಲ್ಕು ಸಾವಿರ ಅಂದ್ರು, ಎರಡು ಕಂತಲ್ಲಿ ಕಟ್ಟಬಹುದು, ಯುನಿವರ್ಸಿಟಿ ಸರ್ಟಿಫಿಕೇಟೇ ಬರುತ್ತೆ, ಕ್ಲಾಸಿಗೆ ಬರೋದೂ ಬೇಡ ಅಂದ್ರು. ಯಾವ ಯುನಿವರ್ಸಿಟಿ ಅಂದೆ. ನೀವು ಅಡ್ಮಿಷನ್ ಆಗಿ ಮೇಡಂ ಹೇಳ್ತೀವಿ ಅಂದ್ರು. ಮೂರು ಸಲ ಕೇಳಿದ್ರೂ ಅದೇ ಉತ್ತರ. ನಮ್ಮೂರ ಹೈಸ್ಕೂಲ್ ಮಾಸ್ತರರ ಹತ್ರ ಹೇಳಿದ್ದಕ್ಕೆ ಅವರು ಒಂದೇ ಮಾತು ಹೇಳಿದ್ರು, ದೂರಶಿಕ್ಷಣದಲ್ಲಿ ಯುನಿವರ್ಸಿಟಿಗಳು ಫ್ರಾಂಚೈಸಿ, ಅಂದ್ರೆ ತಮ್ಮ ಹೆಸರಲ್ಲಿ ಕೋರ್ಸ್ ನಡೆಸೋಕೆ ಬೇರೆಯವರಿಗೆ ಕೊಡೋ ಹಾಗೇ ಇಲ್ಲ, ಯುನಿವರ್ಸಿಟಿಗಳನ್ನ ನೋಡ್ಕೊಳ್ಳೋ ಯುಜಿಸಿ ನಿಯಮದಲ್ಲಿ ಇದೆ, ದುಡ್ಡು ಯಾರ ಖಾತೆಗೆ ಹೋಗುತ್ತೆ ನೋಡು ತಂಗಿ ಅಂತ. ನಿಮಗೂ ಅದನ್ನೇ ಹೇಳ್ತೀನಿ. ಫೀ ಯುನಿವರ್ಸಿಟಿಯ ಸ್ವಂತ ವೆಬ್‌ಸೈಟಲ್ಲಿ, ಯುನಿವರ್ಸಿಟಿ ಖಾತೆಗೇ ಹೋಗಬೇಕು, ಮಧ್ಯದಲ್ಲಿ ಇನ್ನೊಬ್ಬರ ಗೂಗಲ್ ಪೇ ನಂಬರ್ ಬಂದ್ರೆ ಅಲ್ಲೇ ನಿಲ್ಲಿಸಿ. ಇನ್ನೊಂದು, ಆ ವರ್ಷಕ್ಕೆ ಆ ಯುನಿವರ್ಸಿಟಿಗೆ ದೂರಶಿಕ್ಷಣಕ್ಕೆ ಯುಜಿಸಿ ಮಾನ್ಯತೆ ಇದೆಯಾ ಅಂತ ನೋಡ್ಕೊಳ್ಳಿ, ಹೋದ ವರ್ಷ ಇತ್ತು ಅಂದ್ರೆ ಈ ವರ್ಷನೂ ಇರುತ್ತೆ ಅಂತ ಇಲ್ಲ. ಮೈಸೂರಿನ ಮುಕ್ತ ವಿವಿಗೇ ಕೆಲವು ವರ್ಷ ಮಾನ್ಯತೆ ಹೋಗಿ 2018ರಲ್ಲಿ ವಾಪಸ್ ಬಂದಿದ್ದು ಎಲ್ಲರಿಗೂ ನೆನಪಿದೆ.

ಈಗ ಅಡ್ಮಿಷನ್ ವಿಷಯ. ಅರ್ಹತೆ ಪಿಯುಸಿ ಪಾಸು, ಅಷ್ಟೇ, ವಯಸ್ಸಿನ ಮಿತಿ ಇಲ್ಲ, ಎಂಟ್ರೆನ್ಸ್ ಇಲ್ಲ, ಆರ್ಟ್ಸು ಸೈನ್ಸು ಅಂತ ಭೇದ ಇಲ್ಲ. ನಂದು ಪಿಯುಸಿ ಮುಗಿದು ಹತ್ತೊಂಬತ್ತು ವರ್ಷ ಆಗಿತ್ತು, ಅದೂ ತೊಂದರೆ ಆಗಲಿಲ್ಲ. ವರ್ಷಕ್ಕೆ ಎರಡು ಬ್ಯಾಚು, ಜನವರಿದು ಒಂದು ಜುಲೈದು ಒಂದು. ಫಾರ್ಮ್ ಪೂರ್ತಿ ಆನ್‌ಲೈನು. ಫೋಟೋ, ಸಹಿ, ಆಧಾರ್, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್, ಪಿಯುಸಿ ಮಾರ್ಕ್ಸ್ ಕಾರ್ಡ್, ಇಷ್ಟು ಸ್ಕ್ಯಾನ್ ಮಾಡಿ ಹಾಕಬೇಕು. ಎಬಿಸಿ ಐಡಿ ಅಂತ, ನಾವು ಓದಿದ್ದರ ಕ್ರೆಡಿಟ್ ಜಮಾ ಆಗೋ ಖಾತೆದು, ಹನ್ನೆರಡು ಅಂಕಿದು ಒಂದು ನಂಬರ್ ಕೇಳ್ತು, ಅದನ್ನ ಡಿಜಿಲಾಕರಲ್ಲಿ ನಾವೇ ಮಾಡ್ಕೋಬಹುದು, ದುಡ್ಡಿಲ್ಲ, ಹತ್ತು ನಿಮಿಷದ ಕೆಲಸ. ಸೈಬರ್ ಸೆಂಟರಲ್ಲಿ ಅದಕ್ಕೂ ಇನ್ನೂರು ಕೇಳ್ತಾರೆ, ಕೊಡಬೇಡಿ.

ನಾನು ಸಿಕ್ಕಿಹಾಕಿಕೊಂಡಿದ್ದು ಹೆಸರಲ್ಲಿ. ನನ್ನ ಎಸ್ಸೆಸ್ಸೆಲ್ಸಿ ಕಾರ್ಡಲ್ಲಿ ಹೆಸರಿನ ಹಿಂದೆ ಎರಡು ಇನಿಷಿಯಲ್ ಇದೆ, ಅಪ್ಪಂದು ಒಂದು ಊರಿಂದು ಒಂದು. ಆಧಾರಲ್ಲಿ ಮದುವೆ ಆದ ಮೇಲೆ ಯಾರೋ ಗಂಡನ ಹೆಸರು ಸೇರಿಸಿದ್ದಾರೆ, ಪಿಯುಸಿ ಕಾರ್ಡಲ್ಲಿ ಇನಿಷಿಯಲ್ಲೇ ಇಲ್ಲ. ಮೂರು ಕಡೆ ಮೂರು ಹೆಸರು. ಫಾರ್ಮ್ ಹೋಯ್ತು, ಫೀನೂ ಹೋಯ್ತು, ಹದಿನೆಂಟು ದಿನ ಬಿಟ್ಟು ದಾಖಲೆ ಹೊಂದುತ್ತಿಲ್ಲ ಅಂತ ವಾಪಸ್ ಬಂತು. ಮೂರೂ ಹೆಸರು ನಂದೇ ಅಂತ ನೋಟರಿ ಮುಂದೆ ಅಫಿಡವಿಟ್ ಮಾಡಿಸಿದೆ, ಸ್ಟಾಂಪ್ ಪೇಪರು ನೋಟರಿ ಎಲ್ಲಾ ಸೇರಿ ಮುನ್ನೂರೈವತ್ತಾಯ್ತು, ಅದನ್ನ ಹಾಕಿದ ಮೇಲೆ ಓಕೆ ಆಯ್ತು. ನಮ್ಮ ಕಡೆ ಹೆಣ್ಮಕ್ಕಳಲ್ಲಿ ಹತ್ತರಲ್ಲಿ ಎಂಟು ಜನರ ದಾಖಲೆ ಹಿಂಗೇ ಇರುತ್ತೆ, ಒಕ್ಕೂಟದ ಪುಸ್ತಕ ಬರೆದು ಬರೆದು ನನಗೆ ಗೊತ್ತಿದೆ, ಗೊತ್ತಿದ್ದೂ ನನ್ನದೇ ನೋಡ್ಕೊಂಡಿರಲಿಲ್ಲ. ಫಾರ್ಮ್ ತುಂಬೋಕೆ ಒಂದು ತಿಂಗಳು ಮೊದಲೇ ಮೂರೂ ಕಾರ್ಡು ಮೇಜಿನ ಮೇಲೆ ಒಟ್ಟಿಗೆ ಇಟ್ಟು ಅಕ್ಷರ ಅಕ್ಷರ ಹೊಂದಿಸಿ ನೋಡಿ.

ದುಡ್ಡಿನ ಲೆಕ್ಕ ಪುಸ್ತಕದವಳ ಹಾಗೇ ಹೇಳ್ತೀನಿ. ರಿಜಿಸ್ಟ್ರೇಷನ್ ಸೇರಿ ಕೋರ್ಸ್ ಫೀ ನಾನು ಕಟ್ಟಿದ್ದು ಎರಡೂವರೆ ಸಾವಿರ. ಪರೀಕ್ಷೆ ಫೀ ಬೇರೆ, ಅದನ್ನ ಮೊದಲೇ ಯಾರೂ ಹೇಳಲ್ಲ, ಪೇಪರಿಗೆ ಇನ್ನೂರರ ಹಾಗೆ ಆರುನೂರು. ಅಫಿಡವಿಟ್ ಮುನ್ನೂರೈವತ್ತು. ಪ್ರಿಂಟು, ಝೆರಾಕ್ಸು, ಅಸೈನ್‌ಮೆಂಟ್ ಸ್ಪೀಡ್ ಪೋಸ್ಟ್ ಎಲ್ಲಾ ಸೇರಿ ಮುನ್ನೂರೆಂಬತ್ತು. ಸ್ಟಡಿ ಸೆಂಟರ್ ಹುಬ್ಬಳ್ಳೀಲಿ, ಕ್ಲಾಸಿಗೆ ನಾಲ್ಕು ಸಲ ಪರೀಕ್ಷೆಗೆ ಎರಡು ಸಲ ಹೋದೆ, ಪ್ರತಿ ಸಲ ಊಟ, ಚಾ, ಆಟೋ ಅಂತ ಇನ್ನೂರೈವತ್ತು, ಆರು ಸಲಕ್ಕೆ ಹದಿನೈದು ನೂರು. ಮೊದಲ ಎರಡು ಪೇಪರ್ ಒಂದರ ಮರುದಿನ ಒಂದು ಇದ್ದಿದ್ದರಿಂದ ಒಂದು ರಾತ್ರಿ ಲಾಡ್ಜ್ ಆರುನೂರೈವತ್ತು. ಒಟ್ಟು ಐದು ಸಾವಿರದ ಒಂಬೈನೂರ ಎಂಬತ್ತು. ಬಸ್ ಚಾರ್ಜ್ ಇದರಲ್ಲಿ ಇಲ್ಲ, ಶಕ್ತಿ ಯೋಜನೆ ಇದ್ದಿದ್ದಕ್ಕೆ ನನಗೆ ಬಸ್ಸು ಫ್ರೀ, ಆಧಾರ್ ತೋರ್ಸಿದ್ರೆ ಆಯ್ತು. ಇದು ಸಣ್ಣ ವಿಷಯ ಅಲ್ಲ, ಅಂಕೋಲಾದಿಂದ ಹುಬ್ಬಳ್ಳಿಗೆ ಆರು ಸಲ ಹೋಗಿ ಬರೋಕೆ ಗಂಡಸರಾದ್ರೆ ಇನ್ನೂ ಎರಡು ಸಾವಿರದ ಮೇಲೆ ಹೋಗುತ್ತೆ. ಕೂಲಿ ಕೆಲಸದವರಾದ್ರೆ ಆ ಏಳು ದಿನದ ಕೂಲಿನೂ ಲೆಕ್ಕಕ್ಕೆ ಹಿಡೀರಿ. ಅಂದ್ರೆ ಎರಡೂವರೆ ಸಾವಿರದ ಕೋರ್ಸು ನಮ್ಮ ಕರಾವಳಿಯವರಿಗೆ ಆರು ಸಾವಿರದ ಕೋರ್ಸು. ಹುಬ್ಬಳ್ಳಿಯವರಿಗೆ ಅದು ಮೂರು ಸಾವಿರದ ಕೋರ್ಸೇ. ಕಾರವಾರದಲ್ಲೋ ಕುಮಟೆಯಲ್ಲೋ ಒಂದು ಸೆಂಟರ್ ಕೊಟ್ಟಿದ್ರೆ ಎಷ್ಟು ಜನ ಸೇರ್ತಿದ್ರು. ನೆರೆ ಬರೋದು ನಮ್ಮಲ್ಲಿ, ಗುಡ್ಡ ಬೀಳೋದು ನಮ್ಮಲ್ಲಿ, ಅದರ ಬಗ್ಗೆ ಕಲಿಯೋಕೆ ಘಟ್ಟ ಹತ್ತಿ ಹೋಗಬೇಕು.

ದೂರು ಅಂದ್ನಲ್ಲ, ಅದು ಕ್ಲಾಸಿಂದು. ಭಾನುವಾರ ಕ್ಲಾಸು. ಬೆಳಿಗ್ಗೆ ಐದೂಕಾಲರ ಬಸ್ಸಿಗೆ ಹೊರಟ್ರೆ ಅರಬೈಲ್ ಘಟ್ಟ ಹತ್ತಿ ಯಲ್ಲಾಪುರ ದಾಟಿ ಹುಬ್ಬಳ್ಳಿಗೆ ನಾಲ್ಕು ತಾಸು. ಎರಡನೇ ಭಾನುವಾರ ಹೋಗಿ ಕೂತ್ರೆ ಬಾಗಿಲೇ ತೆಗೆದಿಲ್ಲ, ಹತ್ತೂ ನಲವತ್ತಕ್ಕೆ ಇವತ್ತು ಕ್ಲಾಸ್ ಇಲ್ಲ ಅಂತ ಮೆಸೇಜ್ ಬಂತು. ಅಷ್ಟೊತ್ತಿಗೆ ಕಾರಿಡಾರಲ್ಲಿ ನಾವು ಒಂಬತ್ತು ಜನ ಕೂತಿದ್ವಿ, ಒಬ್ಬರು ಹಾವೇರಿಯಿಂದ ಮಗು ಎತ್ಕೊಂಡು ಬಂದಿದ್ರು. ಅಪಾಯದ ಮುನ್ಸೂಚನೆ ಹೇಗೆ ಮುಂಚಿತವಾಗಿ ಜನರಿಗೆ ಮುಟ್ಟಿಸಬೇಕು ಅಂತ ಪಾಠ ಮಾಡೋ ಕಡೆ ಹಿಂದಿನ ದಿನ ಒಂದು ಮೆಸೇಜ್ ಹಾಕೋಕೆ ಆಗಲಿಲ್ಲ ಅನ್ನೋದು ನನಗೆ ಇವತ್ತಿಗೂ ನೋವಿದೆ. ಪುಸ್ತಕ ಬಂದಿದ್ದು ಎರಡು ತಿಂಗಳು ತಡವಾಗಿ, ಅದರಲ್ಲೂ ಒಂದು ಬರಲೇ ಇಲ್ಲ, ಪಿಡಿಎಫ್ ಇಳಿಸ್ಕೊಂಡು ಓದಿದೆ. ಅಸೈನ್‌ಮೆಂಟ್ ಕೊಟ್ಟ ರಸೀದಿ ಇದ್ದಿದ್ದಕ್ಕೆ ಬದುಕಿದೆ, ಮಾರ್ಕ್ಸ್ ಏರ್ಸಿರಲಿಲ್ಲ, ಮೂರು ಮೇಲ್ ಹಾಕಿ ಕೊನೆಗೆ ಆಫೀಸಿನ ಒಬ್ಬರು ಮೇಡಂ ರಸೀದಿ ನೋಡಿ ಅವತ್ತೇ ಸರಿ ಮಾಡಿಕೊಟ್ರು. ರಸೀದಿ ಫೋಟೋ ಹೊಡೆದು ಇಟ್ಕೊಳ್ಳಿ.

ಭಾಷೆ ಇನ್ನೊಂದು ದೊಡ್ಡ ಅಡ್ಡಿ. ಪುಸ್ತಕ, ಪರೀಕ್ಷೆ ಎಲ್ಲಾ ಇಂಗ್ಲಿಷ್ ಇಲ್ಲಾ ಹಿಂದಿ. ಕನ್ನಡದಲ್ಲಿ ಬರೀಬಹುದಾ ಅಂತ ಕೇಳಿದ್ದಕ್ಕೆ ಇಲ್ಲ ಅಂದ್ರು. ನಮ್ಮ ಒಕ್ಕೂಟದಲ್ಲಿ ಪಿಯುಸಿ ಆದವರು ಎಷ್ಟೋ ಜನ ಇದ್ದಾರೆ, ನೆರೆ ಬಂದಾಗ ದೋಣಿ ಯಾವ ಕಡೆಯಿಂದ ತರಬೇಕು ಅಂತ ಯಾವ ಪ್ರೊಫೆಸರ್‌ಗಿಂತ ಚೆನ್ನಾಗಿ ಗೊತ್ತಿರೋರು, ಅವರು ಈ ಒಂದು ಕಾರಣಕ್ಕೆ ಹಿಂದೆ ಸರಿದ್ರು. ನಾನು ಡಿಕ್ಷನರಿ ಇಟ್ಕೊಂಡು ಓದಿದೆ, ಇಂಗ್ಲಿಷ್ ಸರಳವಾಗೇ ಇದೆ, ಸಣ್ಣ ಸಣ್ಣ ವಾಕ್ಯದಲ್ಲಿ ಬರೆದ್ರೆ ಮಾರ್ಕ್ಸ್ ಕೊಡ್ತಾರೆ, ಹೆದರಬೇಡಿ. ಆದ್ರೂ ಇದು ಕನ್ನಡದಲ್ಲಿ ಬರಲೇಬೇಕು.

ಇಷ್ಟೆಲ್ಲಾ ಹೇಳಿದ ಮೇಲೂ ಈ ಕೋರ್ಸ್ ಯಾಕೆ ಮಾಡಿ ಅಂತೀನಿ ಅಂದ್ರೆ, ಪಾಠ ಒಳ್ಳೇದಿದೆ. 1999ರ ಒಡಿಶಾ ಸೂಪರ್ ಸೈಕ್ಲೋನ್, 2001ರ ಭುಜ್ ಭೂಕಂಪ, 2004ರ ಸುನಾಮಿ, ಇವೆಲ್ಲ ಆದ ಮೇಲೆ 2005ರಲ್ಲಿ ವಿಪತ್ತು ನಿರ್ವಹಣಾ ಕಾಯ್ದೆ ಬಂತು, ಜಿಲ್ಲೆಯಲ್ಲಿ ಡಿಸಿನೇ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರು, ಇದೆಲ್ಲ ಅಲ್ಲಿ ಕ್ರಮವಾಗಿ ಬರುತ್ತೆ. ನನಗೆ ಉಪಯೋಗಕ್ಕೆ ಬಂದಿದ್ದು ಆ ಕಾಯ್ದೆಯ 41ನೇ ಕಲಂ. ಸ್ಥಳೀಯ ಸಂಸ್ಥೆ ತನ್ನ ನೌಕರರಿಗೆ ತರಬೇತಿ ಕೊಡಿಸಬೇಕು, ಸಲಕರಣೆ ಯಾವತ್ತೂ ಬಳಸೋಕೆ ಸಿದ್ಧ ಇರೋ ಹಾಗೆ ಇಟ್ಕೋಬೇಕು ಅಂತ ಅಲ್ಲಿದೆ. ಪಂಚಾಯ್ತಿಯವರು ದೊಡ್ಡ ಮನಸ್ಸು ಮಾಡಿ ಕೊಡೋದಲ್ಲ ಇದು, ಅವರ ಕೆಲಸ. ಗ್ರಾಮಸಭೆಲಿ ಸುಮ್ನೆ ಹಗ್ಗ ಕೊಡ್ಸಿ, ಟಾರ್ಚ್ ಕೊಡ್ಸಿ ಅಂತ ಕೇಳೋದಕ್ಕೂ ಕಲಂ ನಂಬರ್ ಹೇಳಿ ಕೇಳೋದಕ್ಕೂ ತುಂಬ ವ್ಯತ್ಯಾಸ ಇದೆ, ಪಿಡಿಒ ಪೆನ್ನು ತೆಗೆದು ಬರ್ಕೊಂಡ್ರು.

ಮಳೆ ಅಳತೆ ಇನ್ನೊಂದು. ಆರೆಂಜ್ ಅಲರ್ಟ್ ರೆಡ್ ಅಲರ್ಟ್ ಅಂತ ಟಿವಿಲಿ ಬಂದಾಗ ನಾವು ಶಾಲೆಗೆ ರಜೆ ಉಂಟಾ ಇಲ್ವಾ ಅಂತ ಅಷ್ಟೇ ನೋಡ್ತಿದ್ವಿ. ಒಂದು ದಿನದಲ್ಲಿ 64.5 ಮಿಲಿಮೀಟರ್ ದಾಟಿದ್ರೆ ಭಾರಿ ಮಳೆ, 115.6 ದಾಟಿದ್ರೆ ಅತಿ ಭಾರಿ, 204.5 ದಾಟಿದ್ರೆ ಅದರ ಮೇಲಿಂದು, ಹವಾಮಾನ ಇಲಾಖೆ ಲೆಕ್ಕ ಇದು. ಒಂದು ಮಿಲಿಮೀಟರ್ ಮಳೆ ಅಂದ್ರೆ ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಲೀಟರ್ ನೀರು. ಹಂಗೆ ಲೆಕ್ಕ ಹಾಕಿದ್ರೆ ನೂರು ಚದರ ಮೀಟರ್ ಹಂಚಿನ ಮನೆ ಮೇಲೆ ಇನ್ನೂರು ಮಿಲಿಮೀಟರ್ ಬಿದ್ರೆ ಇಪ್ಪತ್ತು ಸಾವಿರ ಲೀಟರ್ ಆಯ್ತು, ಒಂದೇ ದಿನಕ್ಕೆ, ಒಂದೇ ಮನೆ ಮೇಲೆ. ಇದನ್ನ ಕೇರಿ ಅಕ್ಕಂದಿರಿಗೆ ಹೇಳಿದಾಗ ಒಬ್ರೂ ಮಾತಾಡಲಿಲ್ಲ, ಎಲ್ಲರೂ ಹಿಂದಿನ ಗುಡ್ಡ ನೋಡಿದ್ರು. ಈಗ ನಮ್ಮ ಅಂಗಳದಲ್ಲಿ ನೇರ ಗೋಡೆಯ ಬಿಸ್ಕೂಟ್ ಡಬ್ಬಿ ಒಂದು ಇದೆ, ಒಳಗೆ ಸ್ಕೇಲ್, ಬೆಳಿಗ್ಗೆ ಎಂಟೂವರೆಗೆ ಮಗಳು ಓದಿ ಗೋಡೆ ಮೇಲೆ ಬರೀತಾಳೆ.

ಎಲ್ಲಕ್ಕಿಂತ ನನಗೆ ಇಷ್ಟ ಆಗಿದ್ದು ಅಸೈನ್‌ಮೆಂಟು. ನಿಮ್ಮ ಊರಿನ ಅಪಾಯ, ದುರ್ಬಲತೆ, ಸಾಮರ್ಥ್ಯ ಇವುಗಳ ನಕ್ಷೆ ಮಾಡಿ ಅಂತ ಒಂದು ಪ್ರಶ್ನೆ. ತುಂಬ ಜನ ಇಂಟರ್ನೆಟ್ಟಿಂದ ಯಾವುದೋ ಊರಿಂದು ಇಳಿಸಿ ಬರೆದು ಕೊಟ್ರು, ಮಾರ್ಕ್ಸೂ ಬಂತು. ದಯವಿಟ್ಟು ಹಾಗೆ ಮಾಡಬೇಡಿ, ಕೊಟ್ಟ ಅಷ್ಟೂ ದುಡ್ಡು ಈ ಒಂದು ಪ್ರಶ್ನೆಲಿ ವಾಪಸ್ ಬರುತ್ತೆ. ನಾನು ನಮ್ಮ ಕೇರಿಯ ಅರವತ್ತೆರಡು ಮನೆಗೂ ಟೇಪು ಪೆನ್ಸಿಲ್ ಹಿಡ್ಕೊಂಡು ಹೋದೆ. ನದಿ ಕಡೆ ಕೊನೇ ಮನೇಲಿ ಒಬ್ಬರು ಅಜ್ಜಿ ಇದ್ದಾರೆ. ಅವರು ದೇವರ ಗೂಡಿನ ಪಕ್ಕದ ಗೋಡೆ ತೋರ್ಸಿದ್ರು, ಸುಣ್ಣದ ಅಡಿಲಿ ಕಂದು ಗೆರೆ ಇನ್ನೂ ಕಾಣ್ತಿತ್ತು. ಇದು ಹತ್ತೊಂಬತ್ತರದ್ದು ಮಗಾ, ಇದರ ಕೆಳಗಿಂದು ಇಪ್ಪತ್ತೊಂದರದ್ದು ಅಂದ್ರು. ಅಳೆದ್ರೆ ಮೇಲಿನ ಗೆರೆ ನೆಲದಿಂದ ನಾಲ್ಕಡಿ ಎರಡಿಂಚು. ಅಜ್ಜಿ ಮಲಗೋ ಮಂಚದ ಎತ್ತರ ಒಂದೂವರೆ ಅಡಿ. ನಾನು ಅದನ್ನ ಪುಸ್ತಕದಲ್ಲಿ ಒಂದರ ಕೆಳಗೆ ಒಂದು ಬರೆದು ಸುಮಾರು ಹೊತ್ತು ಹಂಗೇ ನಿಂತಿದ್ದೆ. ಪಹಣಿ, ರೇಷನ್ ಕಾರ್ಡು, ಗಂಡನ ಡೆತ್ ಸರ್ಟಿಫಿಕೇಟು ಎಲ್ಲ ಮಂಚದ ಕೆಳಗಿನ ಟ್ರಂಕಲ್ಲಿ ಇತ್ತು, ಅವತ್ತೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಅಟ್ಟಕ್ಕೆ ಏರ್ಸಿ ಬಂದೆ.

ಅರವತ್ತೆರಡು ಮನೇಲಿ ಎದ್ದು ನಡೆಯೋಕೆ ಆಗದವರು ಐದು ಜನ, ದಿನಾ ಇನ್ಸುಲಿನ್ ತಗೊಳ್ಳೋರು ಏಳು ಜನ, ಬಸುರಿಯರು ಇಬ್ಬರು, ದೋಣಿ ನಾಲ್ಕು, ಅದರಲ್ಲಿ ಒಂದು ಸೋರುತ್ತೆ. ಈ ಲೆಕ್ಕ ಮೊದಲು ಯಾರ ಹತ್ರನೂ ಇರಲಿಲ್ಲ. 2019ರಲ್ಲಿ ರಾತ್ರಿ ನೀರು ಏರಿದಾಗ ಕಾಳಜಿ ಕೇಂದ್ರ ಅಂತ ಹೇಳಿದ್ದ ಶಾಲೆಗೆ ಬೀಗ, ಕೀಲಿ ಬೇರೆ ಊರಲ್ಲಿ, ಮಕ್ಕಳನ್ನ ಹೊತ್ಕೊಂಡು ಒಂದು ತಾಸು ಮಳೇಲಿ ನಿಂತಿದ್ರು ಅಂತ ಇಪ್ಪತ್ತು ಮನೆಯವರು ಹೇಳಿದ್ರು. ಅದನ್ನೂ ಅಸೈನ್‌ಮೆಂಟಲ್ಲಿ ಬರೆದೆ, ಅದರ ಒಂದು ಪ್ರತಿ ಪಂಚಾಯ್ತಿಗೂ ಕೊಟ್ಟೆ. ಈಗ ಶಾಲೆಯ ಕೀಲಿ ಮೂರು ಮನೇಲಿ ಇದೆ, ಅಲ್ಲಿ ಪಾಠ ಮಾಡೋ ಅಕ್ಕೋರೇ ಮುಂದೆ ನಿಂತು ಮಾಡಿಸಿಕೊಟ್ರು.

ನನ್ನ ಬ್ಯಾಚಲ್ಲಿ ಶಿರಸಿ ಕಡೆಯ ಒಬ್ಬ ಹುಡುಗ ಇದ್ದ, ಅಡಿಕೆ ತೋಟದವನು, ಅವನು ಇದೇ ಪ್ರಶ್ನೆಗೆ ಧರೆ ಕುಸಿತ ತಗೊಂಡ. 2021ರಲ್ಲಿ ಯಲ್ಲಾಪುರದ ಕಳಚೆಲಿ ಗುಡ್ಡ ಕುಸಿದಿದ್ದು ಅವನ ತಲೇಲಿ ಇತ್ತು. ಧರೆಯ ಮೇಲ್ಗಡೆ ಬಿರುಕು, ವಾಲಿದ ಮರ, ಒರತೆ ನೀರು ಏಕಾಏಕಿ ಕೆಂಪಾಗೋದು, ನಿನ್ನೆ ತನಕ ಸಲೀಸಾಗಿ ಮುಚ್ಚೋ ಬಾಗಿಲು ಇವತ್ತು ಬಿಗಿಯಾಗೋದು, ಈ ಗುರುತುಗಳನ್ನ ಮನೆ ಮನೆಗೆ ಕೇಳ್ತಾ ಹೋಗಿ ಎರಡು ಮನೇಲಿ ಬಾಗಿಲು ಬಿಗಿಯಾಗಿರೋದು ಸಿಕ್ಕಿ ಆ ಎರಡೂ ಮನೆಯವರು ಮಳೆಗಾಲಕ್ಕೆ ಸಂಬಂಧಿಕರ ಮನೆಗೆ ಹೋದ್ರಂತೆ. ಮಳೆಗಾಲ ಅಲ್ವಾ ಮರ ಉಬ್ಬಿರುತ್ತೆ ಅಂತ ನಾವೆಲ್ಲ ಅಂದ್ಕೊಳ್ಳೋದು. ಅವನು ಬಾಗಿಲು ಮಾತ್ರ ನೋಡಲಿಲ್ಲ, ಚೌಕಟ್ಟಿನ ಮೂಲೆಯ ಗೋಡೆ ನೋಡ್ದ, ಅಲ್ಲಿ ಓರೆ ಬಿರುಕು ಇತ್ತು.

ಕೊರತೆ ಏನು ಅಂದ್ರೆ ಕೈಯಲ್ಲಿ ಮಾಡೋದು ಒಂದೂ ಇಲ್ಲ. ಹೃದಯ ನಿಂತವರ ಎದೆ ಒತ್ತೋದು ನಿಮಿಷಕ್ಕೆ 100ರಿಂದ 120 ಸಲ, ಐದರಿಂದ ಆರು ಸೆಂಟಿಮೀಟರ್ ಆಳ ಅಂತ ಪುಸ್ತಕದಲ್ಲಿ ಓದಿ ಪರೀಕ್ಷೇಲಿ ಬರೆದೆ, ಒಂದು ಬೊಂಬೆ ಮೇಲೂ ಒತ್ತಿ ನೋಡಿರಲಿಲ್ಲ. ಹಗ್ಗದ ಗಂಟು ಚಿತ್ರದಲ್ಲಿ ಇದೆ. ಸಮುದ್ರದ ಭಾಗ ತೀರಾ ತೆಳು. 2019ರ ಜನವರಿ 21ಕ್ಕೆ ಕಾರವಾರದ ಹತ್ರದ ಕೂರ್ಮಗಡ ದ್ವೀಪದ ಜಾತ್ರೆಯಿಂದ ಬರ್ತಿದ್ದ ದೋಣಿ ಮಗುಚಿದ್ದು ನಮಗೆ ಮರೆಯೋಕಾಗಲ್ಲ, ದೋಣಿಗೆ ಎಷ್ಟು ಜನ, ಲೈಫ್ ಜಾಕೆಟ್ ಹೇಗೆ ಕಟ್ಟಬೇಕು ಅನ್ನೋದು ಈ ಕೋರ್ಸಲ್ಲಿ ಒಂದು ಪುಟನೂ ಇಲ್ಲ. ಅಣು ವಿಕಿರಣದ ಬಗ್ಗೆ ಎರಡೇ ಪುಟ. ಕೈಗಾ ಅಣು ಸ್ಥಾವರದ ಸುತ್ತ 16 ಕಿಲೋಮೀಟರ್ ಒಳಗೆ ಇರೋರಿಗೆ ಅಣಕು ಕಾರ್ಯಾಚರಣೆ ನೋಡಿ ಗೊತ್ತಿರೋದು ಇದಕ್ಕಿಂತ ಜಾಸ್ತಿ.

ಕೈಕೆಲಸ ಕಲಿಯೋಕೆ ಆಪದ ಮಿತ್ರ ತರಬೇತಿ ನೋಡಿ, ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ್ದು, ಹನ್ನೆರಡು ದಿನ, ಫೀ ಇಲ್ಲ, ಕಿಟ್ ಕೊಡ್ತಾರೆ. ಈಗ ಬ್ಯಾಚ್ ಇದೆಯಾ, ಯಾವಾಗ ಅಂತ ಡಿಸಿ ಆಫೀಸಿನ ವಿಪತ್ತು ವಿಭಾಗದಲ್ಲಿ ಕೇಳಬೇಕು. ಅದು 18ರಿಂದ 40 ವಯಸ್ಸಿನವರಿಗೆ. ನಮ್ಮ ಕೇರಿ ಹುಡುಗ ಒಬ್ಬ ಅದನ್ನ ಮಾಡಿದಾನೆ, ಅವನೇ ನನಗೆ ಬಿಗಿಯದ ಗಂಟು ಹಾಕೋದು ಹೇಳ್ಕೊಟ್ಟ, ಸೊಂಟಕ್ಕೆ ಕಟ್ಟಿದ್ರೆ ಎಷ್ಟು ಎಳೆದ್ರೂ ಉಸಿರು ಕಟ್ಟಲ್ಲ. ಎರಡೂ ಮಾಡ್ಕೊಂಡವರು ಪೂರ್ತಿ. ಒಂದೇ ಮಾಡೋಕಾಗೋದು ಅಂದ್ರೆ ಹರೆಯದ ಹುಡುಗರು ಆಪದ ಮಿತ್ರ ಮಾಡಿ, ಪಂಚಾಯ್ತಿ ಮೆಂಬರು, ಆಶಾ, ಅಂಗನವಾಡಿಯವರು, ಶಿಕ್ಷಕರು, ನಮ್ಮಂಥ ಸಂಘದವರು ಈ ಸರ್ಟಿಫಿಕೇಟ್ ಮಾಡಿ.

ಕೆಲಸ ಸಿಗುತ್ತಾ ಅಂತ ಕೇಳೋರಿಗೆ ನೇರ ಹೇಳ್ತೀನಿ, ಇದೊಂದೇ ಇಟ್ಕೊಂಡು ಸಿಗಲ್ಲ. ವಿಪತ್ತಲ್ಲಿ ಜನರನ್ನ ಕಾಪಾಡೋ ಕೇಂದ್ರದ ಪಡೆ ಎನ್‌ಡಿಆರ್‌ಎಫ್‌ಗೆ ಬಿಎಸ್‌ಎಫ್, ಸಿಆರ್‌ಪಿಎಫ್ ಇಂಥ ಪಡೆಗಳಿಂದ ಡೆಪ್ಯುಟೇಷನ್ ಮೇಲೆ ತಗೊಳ್ಳೋದು, ಸರ್ಟಿಫಿಕೇಟ್ ತೋರ್ಸಿ ಸೇರೋಕಾಗಲ್ಲ. ಫ್ಯಾಕ್ಟರಿ ಸೇಫ್ಟಿ ಆಫೀಸರ್ ಆಗೋಕೆ ಬೇಕಾದ ಡಿಪ್ಲೊಮಾನೇ ಬೇರೆ. ಆ ಆಸೆಗೆ ಮಕ್ಕಳಿಂದ ಹದಿನಾಲ್ಕು ಸಾವಿರ ಕಟ್ಟಿಸೋರ ಮೇಲೆ ನನಗೆ ಸಿಟ್ಟಿದೆ.

ಮಾರ್ಕ್ಸ್ ಕೊಡಿ ಅಂದ್ರೆ ಪಾಠಕ್ಕೆ ಐದಕ್ಕೆ ನಾಲ್ಕೂವರೆ, ಫೀಗೆ ಐದಕ್ಕೆ ಐದು, ಸೆಂಟರಿನ ವ್ಯವಸ್ಥೆಗೆ ಎರಡು, ಕನ್ನಡ ಇಲ್ಲದ್ದಕ್ಕೆ ನಾನು ಮಾರ್ಕ್ಸ್ ಕೊಡಲ್ಲ.

ಕೊನೇದಾಗಿ ಬ್ಯಾಚ್ ಯಾವುದು ಅಂತ. ನಾನು 2025ರ ಜನವರಿ ಬ್ಯಾಚ್ ಸೇರಿದ್ದೆ, ಅದರ ಪರೀಕ್ಷೆ ಜೂನಲ್ಲಿ ಬಂತು. ಫಾರ್ಮಲ್ಲಿ ಕಾರವಾರ ಅಂತ ಕೇಳಿದ್ದೆ, ಪರೀಕ್ಷಾ ಕೇಂದ್ರ ಹುಬ್ಬಳ್ಳಿನೇ ಕೊಟ್ರು. ಮೂರನೇ ಪೇಪರಿನ ದಿನ ಧೋ ಅಂತ ಮಳೆ, ಅರಬೈಲ್ ಘಟ್ಟದಲ್ಲಿ ಮರ ಬಿದ್ದು ಬಸ್ಸು ಮುಕ್ಕಾಲು ತಾಸು ನಿಂತಿತ್ತು, 2021ರಲ್ಲಿ ಅದೇ ಘಟ್ಟ ಕುಸಿದು ರಸ್ತೆ ಬಂದ್ ಆಗಿದ್ದು ನೆನಪಾಗಿ ಕೈ ತಣ್ಣಗಾಗಿತ್ತು, ಪರೀಕ್ಷೆ ಶುರುವಾಗೋಕೆ ಹತ್ತು ನಿಮಿಷ ಇದ್ದಾಗ ಒಳಗೆ ಓಡಿದೆ. ನಮ್ಮ ಕಡೆಯವರು ಜುಲೈ ಬ್ಯಾಚೇ ಸೇರಿ, ಪರೀಕ್ಷೆ ಡಿಸೆಂಬರಲ್ಲಿ ಬರುತ್ತೆ, ಘಟ್ಟದ ರಸ್ತೆ ಚೆನ್ನಾಗಿರುತ್ತೆ, ಮನೆ ಮನೆ ನಕ್ಷೆಗೆ ಹೋಗೋಕೂ ಗೋಡೆ ಮೇಲಿನ ನೀರಿನ ಗುರುತು ಆಗ ತಾನೇ ಹಸಿಯಾಗಿರುತ್ತೆ. ಅಂದ್ರೆ ಮೇ ತಿಂಗಳಲ್ಲೇ ಕಾರ್ಡುಗಳ ಹೆಸರು ಹೊಂದಿಸ್ಕೊಳ್ಳಿ. ಅಫಿಡವಿಟ್ ಹೆಂಗೆ ಬರೆಸೋದು ಅಂತ ಬೇಕಾದ್ರೆ ಬುಧವಾರ ಒಕ್ಕೂಟದ ಆಫೀಸಲ್ಲಿ ಇರ್ತೀನಿ, ನನ್ನದರ ಝೆರಾಕ್ಸ್ ಇದೆ, ಬಂದು ನೋಡ್ಕೊಂಡು ಹೋಗಿ.